ಮುಖ ತೋರಿಸಬಹುದಾದ ಒಬ್ಬಳೇ ಹುಡುಗಿ

ನಿವೃತ್ತನಾದ ಮೇಲೆ ನನ್ನನ್ನು ಫೋಟೊ ತೆಗೆಯಲು ಯಾರೂ ಕರೆಯುವುದಿಲ್ಲ. ಆದರೆ ಒಂದು ಪ್ರಶ್ನೆ ಕೇಳುವುದಕ್ಕೆ ಮಾತ್ರ ಎಲ್ಲರಿಗೂ ನಾನು ಬೇಕು. ಯುಗಾದಿ ಹಬ್ಬಕ್ಕೆಂದು ಇಲ್ಲಿ ಸ್ವೀಡನ್ನಿನ ನಮ್ಮ ಕನ್ನಡ ಸಂಘದವರು ಪುರಸಭೆಯ ಸಭಾಂಗಣ ಹಿಡಿದಿರುತ್ತಾರೆ, ನಾನು ಪೇಪರ್ ತಟ್ಟೆಯಲ್ಲಿ ಹೋಳಿಗೆ ಇಟ್ಟುಕೊಂಡು ಒಂದು ಮೂಲೆಯಲ್ಲಿ ಕೂತಿರುತ್ತೇನೆ, ಅಷ್ಟರಲ್ಲಿ ಯಾರಾದರೂ ಕುರ್ಚಿ ಎಳೆದುಕೊಂಡು ಬಂದೇ ಬರುತ್ತಾರೆ.

"ಸರ್, ನೀವು ಆರ್ಮೀಲಿ ಫೋಟೊಗ್ರಾಫರ್ ಆಗಿದ್ರಂತಲ್ಲ? ಆ ರಾಜಮನೆತನದ ಹುಡುಗಿ ನಿಜವಾಗ್ಲೂ ಟ್ರೇನಿಂಗ್ ಮಾಡಿದ್ಲಾ, ಇಲ್ಲ ಎಲ್ಲಾ ಬರೀ ಪಬ್ಲಿಸಿಟಿನಾ?"

ಕೇಳುವವರಿಗೆ ಬೇಕಾದ ಉತ್ತರ ಅವರ ಮುಖದ ಮೇಲೆಯೇ ಇರುತ್ತದೆ. "ಎಲ್ಲಾ ನಾಟಕ ಕಣ್ರೀ" ಎಂದುಬಿಟ್ಟರೆ ಅವರಿಗೂ ಖುಷಿ, ನನಗೂ ಖುಷಿ. ಎಷ್ಟೋ ಸಲ ಹಾಗೆಂದೇ ಹೇಳಿದ್ದೇನೆ, ಹೇಳುವಾಗ ಮನಸ್ಸಿಗೆ ಹಿತವಾಗಿಯೇ ಇತ್ತು. ಆದರೆ ಮೊನ್ನೆ ಅರವಿಂದ ಮನೆಗೆ ಬಂದ. ಹಾಸನದ ಹುಡುಗ, ಇಲ್ಲೇ ಓದಿ ಪೌರತ್ವ ಪಡೆದವನು, ನಾನು ಬಿಟ್ಟ ವಿಭಾಗಕ್ಕೇ ಹೊಸದಾಗಿ ಸೇರಿಕೊಂಡಿದ್ದಾನೆ. ಫೀಕಾಕ್ಕೆ, ಅಂದರೆ ಇಲ್ಲಿಯವರ ಕಾಫಿ ಹೊತ್ತಿಗೆ, ಏಲಕ್ಕಿ ಬನ್ನು ತಂದು, "ಅಂಕಲ್, ಕೆಲ್ಸ ನಿಜವಾಗಿ ಹೆಂಗಿರತ್ತೆ, ಹೇಳಿ" ಎಂದ. ಕೆಲಸ ಕಲಿಯಲು ಬಂದವನ ಮುಂದೆ ಹಬ್ಬದೂಟದ ಮಾತು ಆಡಬಾರದು. ಬಾಯಲ್ಲಿ ಹೇಳಿದರೆ ನಡುವೆ ನನಗೆ ಸಿಟ್ಟು ಬರುತ್ತದೆ, ಅದಕ್ಕೇ ಅವನಿಗೆಂದು ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನಿಂದ ಕಾರ್ಲ್‌ಸ್ಕ್ರೂನಾಕ್ಕೆ ಬಂದದ್ದು ಟೆಲಿಕಾಂ ಕೆಲಸಕ್ಕೆ. ಕಂಪನಿ ಜನರನ್ನು ಕಡಿಮೆ ಮಾಡುವಾಗ ನಾನೂ ಹೊರಗೆ ಬಿದ್ದೆ. ಅಷ್ಟು ಹೊತ್ತಿಗೆ ಪೌರತ್ವ ಸಿಕ್ಕಿತ್ತು, ಕೈಯಲ್ಲಿ ಒಳ್ಳೆಯ ಕ್ಯಾಮೆರಾ ಇತ್ತು, ನಾನು ಸ್ವೀಡಿಷ್ ಮಾತಾಡಿದರೆ ಎದುರಿನವರು ಪಾಪ ಅಂದುಕೊಂಡು ಇಂಗ್ಲಿಷಿಗೆ ತಿರುಗದಷ್ಟು ಭಾಷೆಯೂ ಬಂದಿತ್ತು. ಒಂದು ಸೇನಾನೆಲೆಯ ಮಾಹಿತಿ ವಿಭಾಗಕ್ಕೆ ಸಮವಸ್ತ್ರವಿಲ್ಲದ ಫೋಟೊಗ್ರಾಫರ್ ಬೇಕಾಗಿದ್ದ. ನೆಲೆಯ ಹೆಸರು ಬೇಡ, ಬಿಟ್ಟು ಬಂದ ಮೇಲೂ ಕೆಲವು ವಿಷಯಕ್ಕೆ ಬಾಯಿಗೆ ಬೀಗ. ಬಡ್ತಿ, ಸಂಬಳ, ವಿದಾಯದ ಹೂಗುಚ್ಛ ಇವೆಲ್ಲ ಎಲ್ಲರಿಗೂ ಸಿಗುವಂಥವೇ, ಅದನ್ನು ಬರೆದು ಯಾರ ತಲೆಯನ್ನೂ ತಿನ್ನುವುದಿಲ್ಲ.

ನನ್ನ ಮೊದಲ ಎಡವಟ್ಟು ಕುರ್ಚಿಯದು. ತರಬೇತಿ ಮುಗಿಸಿದ ತಂಡದ ಗುಂಪು ಫೋಟೊ ತೆಗೆಯಬೇಕಿತ್ತು. ನಾನು ನಮ್ಮ ಕಡೆಯ ಮದುವೆ, ಶಾಲಾ ವಾರ್ಷಿಕೋತ್ಸವಗಳಲ್ಲಿ ಪಳಗಿದವನು. ಎತ್ತರದವರನ್ನು ಹಿಂದೆ ನಿಲ್ಲಿಸಿ, ಕುಳ್ಳರನ್ನು ಮುಂದೆ ಮಂಡಿಯೂರಿಸಿ, ನಟ್ಟನಡುವೆ ಕೈಯಿರುವ ಒಂದು ಕುರ್ಚಿ ತಂದಿಟ್ಟು, ನೆಲೆಯ ಮುಖ್ಯಾಧಿಕಾರಿಗೆ ಬನ್ನಿ ಕೂತ್ಕೊಳ್ಳಿ ಎಂದು ಕೈ ತೋರಿಸಿದೆ. ಆ ಮನುಷ್ಯ ಕುರ್ಚಿಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ, "ನನ್ನ ಕಾಲು ಚೆನ್ನಾಗಿಯೇ ಇವೆ" ಎಂದು ಹೇಳಿ ಸಾಲಿನ ತುದಿಗೆ ಹೋಗಿ ನಿಂತ. ಖಾಲಿ ಕುರ್ಚಿ ನಡುವೆ ಉಳಿಯಿತು. ನಾನು ಗಾಬರಿಯಲ್ಲಿ ಹಾಗೇ ಕ್ಲಿಕ್ ಮಾಡಿಬಿಟ್ಟೆ. ವಿಭಾಗದ ಮುಖ್ಯಸ್ಥೆ ಮಾರ್ಗರೆಟಾ ಆ ಫೋಟೊವನ್ನು ಬಹಳ ಹೊತ್ತು ನೋಡಿ, "ಯಾರಾದರೂ ತೀರಿಕೊಂಡರಾ?" ಎಂದು ಕೇಳಿದಳು.

ಮಾರ್ಗರೆಟಾ ಬಗ್ಗೆ ಹೇಳಲೇಬೇಕು. ನನಗಿಂತ ದೊಡ್ಡವಳು, ನನ್ನ ಮೇಲಧಿಕಾರಿ, ಆದರೂ ಇಲ್ಲಿ ಎಲ್ಲರನ್ನೂ ಬರೀ ಹೆಸರು ಹಿಡಿದೇ ಕರೆಯಬೇಕು. ನನಗೆ ಮೊದಮೊದಲು ನಾಲಿಗೆ ಹೊರಳುತ್ತಲೇ ಇರಲಿಲ್ಲ, ಹೆಸರು ಹೇಳದೆ ಕೆಮ್ಮಿ ಮಾತು ಶುರುಮಾಡುತ್ತಿದ್ದೆ. ಅವಳು ಒಮ್ಮೆಯೂ ದನಿ ಎತ್ತಿದವಳಲ್ಲ. ತಪ್ಪು ಮಾಡಿದರೆ ಕಾಫಿ ಬಗ್ಗಿಸಿ ಕೊಟ್ಟು ಎದುರು ಕೂರಿಸಿಕೊಳ್ಳುತ್ತಿದ್ದಳು. ಆ ಕಾಫಿಗಿಂತ ಬೈಗುಳ ವಾಸಿ. ಅವಳು ಕಲಿಸಿದ್ದು ಒಂದೇ: ನಡೆಯುತ್ತಿರುವುದನ್ನು ತೆಗಿ, ನಡೆಸಬೇಡ. ನಾನು ಸೇರಿದಾಗ ನಮ್ಮ ಫೋಟೊಗಳು ನುಣುಪು ಕಾಗದದ ಪತ್ರಿಕೆಗೆ ಹೋಗುತ್ತಿದ್ದವು, ಬಿಡುವ ಹೊತ್ತಿಗೆ ಎಲ್ಲವೂ ಮೊಬೈಲಿಗೆ ತಕ್ಕಂತೆ ನೆಟ್ಟಗೆ ನಿಂತ ಚೌಕಟ್ಟಿನ ವಿಡಿಯೊ ಆಗಿತ್ತು. ಮೊದಲು ಫೋಟೊ ಅಚ್ಚಾಗಿ ಬಂದ ಮೇಲೆ ಜನ ಬೈಯುತ್ತಿದ್ದರು, ಆಮೇಲೆ ನಾವು ಇನ್ನೂ ತಾಲೀಮಿನ ಬಯಲಿನಲ್ಲಿರುವಾಗಲೇ ಬೈಯತೊಡಗಿದರು.

ಈಗ ಆ ಹುಡುಗಿಯ ವಿಷಯ. ರಾಜಮನೆತನದವಳು, ಪಟ್ಟದ ಹತ್ತಿರದವಳೇನಲ್ಲ, ಆದರೂ ದೇಶಕ್ಕೆಲ್ಲ ಮುಖಪರಿಚಯ ಇರುವವಳು. ಹೆಸರು ಬರೆಯುವುದಿಲ್ಲ. ಇಲ್ಲಿ ಹದಿನೆಂಟಕ್ಕೆ ಬಂದ ಗಂಡುಹೆಣ್ಣು ಎಲ್ಲರಿಗೂ ಸೇನೆಯಿಂದ ಕರೆ ಬರುತ್ತದೆ, ಪರೀಕ್ಷೆ ಮಾಡಿ ಬೇಕಾದಷ್ಟು ಜನರನ್ನು ಒಂದು ವರ್ಷದ ತರಬೇತಿಗೆ ಆರಿಸಿಕೊಳ್ಳುತ್ತಾರೆ, ಮನಸ್ಸಿಲ್ಲ ಎಂದವರನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತಾರೆ. ಆ ವರ್ಷ ಅವಳು ನಮ್ಮ ನೆಲೆಗೆ ಬಂದಳು. ಅದೇ ವರ್ಷ, ಅದೇ ತಂಡಕ್ಕೆ, ನನ್ನ ಮಗಳು ಸಿಂಧುವೂ ಬಂದಳು.

ಸಿಂಧು ಆಯ್ಕೆಯಾದಾಗ ನನ್ನ ಹೆಂಡತಿ ಗಿರಿಜಾ ಅಡುಗೆಮನೆಯಲ್ಲೇ ಕೂತುಬಿಟ್ಟಳು. ದಾಗಿಸಿನಲ್ಲಿ, ಅಂದರೆ ಇಲ್ಲಿಯ ಶಿಶುವಿಹಾರದಲ್ಲಿ, ಊರಿನ ಅರ್ಧ ಮಕ್ಕಳಿಗೆ ಬೆಚ್ಚಗೆ ಬಟ್ಟೆ ಹಾಕಿ ಆಟಕ್ಕೆ ಬಿಡುವವಳು ಅವಳು, ತನ್ನ ಮಗಳು ಮಂಜಿನಲ್ಲಿ ಮಲಗುವುದನ್ನು ನೆನೆಸಿಕೊಂಡೇ ನಡುಗಿದಳು. "ಬೇಡ ಅನ್ನು, ಕೂಸೆ" ಎಂದಳು. ಸಿಂಧು ನನ್ನ ಮುಖ ನೋಡಿದಳು. ನಾನು ಆಗಲೇ ಮೈಸೂರಿನಲ್ಲಿರುವ ತಂಗಿಗೆ ಫೋನು ಹಚ್ಚಿದ್ದೆ. "ನಮ್ ಸಿಂಧು ಸ್ವೀಡನ್ ಸೈನ್ಯಕ್ಕೆ ಸೆಲೆಕ್ಟ್ ಆದ್ಲು ಕಣೇ!" ಸಂಘದ ಗುಂಪಿಗೂ ಹಾಕಿದೆ. ಅಭಿನಂದನೆಗಳು ಮಳೆಯಂತೆ ಬಿದ್ದವು. ಸಿಂಧು "ಓಕೆ, ಹೋಗ್ತೀನಿ" ಎಂದಳು.

ಕೆಲಸದಲ್ಲಿ ನಾನೇ ಹೋಗಿ ಮಾರ್ಗರೆಟಾಗೆ ಹೇಳಿದೆ, ಮಗಳು ಬರುತ್ತಿದ್ದಾಳೆಂದು. ಅವಳು ಕಾಫಿ ಬಗ್ಗಿಸಿದಳು.

"ಸಂತೋಷ. ಆದರೆ ಕೇಳು. ನಿನ್ನ ಮಗಳ ಮುಖ ನಮ್ಮ ಯಾವ ಫೋಟೊದಲ್ಲೂ ಬರುವಂತಿಲ್ಲ. ಈಗ ಬಂದಿರುವ ನಿಯಮದಂತೆ ತಂಡದ ಯಾರದೂ ಬರುವಂತಿಲ್ಲ, ಅವರ ಸುರಕ್ಷತೆಗಾಗಿ. ಇಡೀ ತಂಡದಲ್ಲಿ ಮುಖ ತೋರಿಸಬಹುದಾದವಳು ಒಬ್ಬಳೇ. ಅವಳ ಮುಖ ಎಲ್ಲರಿಗೂ ಗೊತ್ತಿರುವುದೇ ಆದ್ದರಿಂದ ಮುಚ್ಚಿ ಪ್ರಯೋಜನವಿಲ್ಲ."

ನಿಯಮ ಸರಿಯೇ. ಬುದ್ಧಿ ಒಪ್ಪಿತು. ಹೊಟ್ಟೆ ಒಪ್ಪಲಿಲ್ಲ. ಆ ವರ್ಷವಿಡೀ ನನ್ನ ಕೆಲಸ ಏನೆಂದರೆ, ಬೇರೆಯವರ ಮಗಳನ್ನು ನಡುವೆ ಇಟ್ಟುಕೊಂಡು ನನ್ನ ಮಗಳನ್ನು ಕತ್ತರಿಸಿ ತೆಗೆಯುವುದು. ಆ ಹುಡುಗಿ ಹೊರೆ ಹೊತ್ತು ನಡೆದರೆ ಫೋಟೊ. ಅವಳು ತಟ್ಟೆ ಹಿಡಿದು ಊಟದ ಸಾಲಿನಲ್ಲಿ ನಿಂತರೆ ಫೋಟೊ. ನಿಲ್ಲುವುದರಲ್ಲಿ ಏನು ಸಾಹಸ? ಅದೇ ಸಾಲಿನಲ್ಲಿ ಅವಳ ಹಿಂದೆ ನನ್ನ ಸಿಂಧು ನಿಂತಿದ್ದಳು, ಅವಳೂ ಅಷ್ಟೇ ಹೊರೆ ಹೊತ್ತು ನಡೆದು ಬಂದವಳಲ್ಲವೇ!

ಒಂದು ದಿನ ಕಕ್ಕಸು ತೊಳೆಯುವ ಸರದಿ ಬಂತು. ಇದನ್ನು ತೆಗೆಯಲೇಬೇಕೆಂದು ಮೇಲಿನಿಂದ ಬಹಳ ಉತ್ಸಾಹದ ಸೂಚನೆ. ರಾಜಮನೆತನದ ಹುಡುಗಿ ಬ್ರಷ್ ಹಿಡಿದು ಕೂತರೆ ಜನಕ್ಕೆ ಎಷ್ಟು ಪ್ರೀತಿ ಉಕ್ಕುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಪಕ್ಕದ ಕಕ್ಕಸನ್ನು ತೊಳೆಯುತ್ತಿದ್ದವಳು ಸಿಂಧು. ಫೋಟೊದ ಅಂಚಿನಲ್ಲಿ ಅವಳ ಮೊಣಕೈ ಬಂದಿತ್ತು. ಎಷ್ಟು ಕತ್ತರಿಸಿದರೂ ನಾನು ಆ ಮೊಣಕೈಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಪತ್ರಿಕೆಗಳಲ್ಲೆಲ್ಲ ಬಂತು. ನಾನು ತಂಗಿಗೆ ಕಳಿಸಿ, "ಬಲಗಡೆ ತುದೀಲಿ ಕಾಣ್ತಿದೆಯಲ್ಲ, ಆ ಮೊಣಕೈ ನಮ್ಮದು" ಎಂದು ಬರೆದೆ. ಅವಳು ಅದರ ಸುತ್ತ ಕೆಂಪು ಗೆರೆ ಹಾಕಿ ನೆಂಟರಿಗೆಲ್ಲ ಹಂಚಿದಳು. ಸಂಘದಲ್ಲಿ ಯಾರೋ ಪುಣ್ಯಾತ್ಮ, "ಏನ್ ಸರ್, ಮೊಣಕೈ ಹೆಂಗಿದೆ?" ಎಂದು ಕೇಳತೊಡಗಿದ. ಮೈ ಉರಿದುಹೋಯಿತು.

ಗಿರಿಜಾಗೆ ನನ್ನ ರೋಗ ಬೇಗ ಗೊತ್ತಾಯಿತು. "ಅಲ್ಲಾರೀ, ಮಗಳ ವಯಸ್ಸಿನ ಹುಡುಗಿ ಮೇಲೆ ನಿಮಗ್ಯಾಕೆ ಈ ಸವತಿ ಮತ್ಸರ?" ಎಂದು ನಗುತ್ತಿದ್ದಳು. "ಅವಳು ನಿಮಗೇನ್ ಮಾಡಿದಾಳೆ?" ಏನೂ ಮಾಡಿರಲಿಲ್ಲ, ಅದೇ ನನ್ನ ಸಂಕಟ. ಬೆಳಿಗ್ಗೆ ಎದುರಾದರೆ ಚೆನ್ನಾಗಿ ನಮಸ್ಕಾರ ಹೇಳುತ್ತಿದ್ದಳು. ಒಂದು ಸಲ ನನ್ನ ಲೆನ್ಸಿನ ಮುಚ್ಚಳ ಕೆಸರಿನಲ್ಲಿ ಬಿದ್ದದ್ದನ್ನು ಹುಡುಕಿ ಒರೆಸಿ ತಂದುಕೊಟ್ಟಳು. ಸೊಕ್ಕಿನವಳಾಗಿದ್ದರೆ ದ್ವೇಷಿಸುವುದು ಎಷ್ಟು ಸುಲಭವಿತ್ತು! ಇದೂ ಹೇಳಿಕೊಟ್ಟು ಕಲಿಸಿದ ನಡತೆಯೇ, ಇವಳಿಗೆ ಹುಟ್ಟಿದಾಗಿನಿಂದ ಕ್ಯಾಮೆರಾ ಅಭ್ಯಾಸವಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹೊಟ್ಟೆಕಿಚ್ಚಿಗೆ ಒಂದು ಗುರಿಯೂ ಸಿಕ್ಕಿತು. ವರ್ಷದ ಕೊನೆಯಲ್ಲಿ ಒಂದು ದೊಡ್ಡ ತಾಲೀಮು ನಡೆಯುತ್ತದೆ, ಅದಕ್ಕೆ ತಂಡದ ಮುಂದಾಳನ್ನು ತಂಡದವರೇ ಆರಿಸುವುದು ನಮ್ಮ ನೆಲೆಯ ಪದ್ಧತಿ. ಅಧಿಕಾರಿ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾನೆ: ಕಷ್ಟ ಬಂದಾಗ ನೀನು ಯಾರ ಹಿಂದೆ ಹೋಗುತ್ತೀ? ಅಷ್ಟೇ ಪ್ರಶ್ನೆ. ತನ್ನ ಹೆಸರನ್ನು ತಾನು ಹೇಳುವಂತಿಲ್ಲ. ಓಟದಲ್ಲಿ ಸಿಂಧು ಮುಂದೆ, ನಕ್ಷೆ ಓದುವುದರಲ್ಲಿ ಸಿಂಧು ಮುಂದೆ, ನಾನೇ ಕಣ್ಣಾರೆ ನೋಡಿದ್ದೇನೆ. ಅವಳ ಹೆಸರು ಬಂದರೆ ಯಾವ ನಿಯಮವೂ ಅದನ್ನು ಕತ್ತರಿಸಲಾರದು. ಆದರೆ ಪಕ್ಕದಲ್ಲಿ ಇವಳಿದ್ದಳಲ್ಲ. ಎಲ್ಲರೂ ಇವಳ ಹೆಸರನ್ನೇ ಹೇಳುತ್ತಾರೆ, ಮೇಲಿನವರಿಗೂ ಅದೇ ಬೇಕು, ನನ್ನ ಕೈಯಲ್ಲೇ ಅದರ ಫೋಟೊ ತೆಗೆಸುತ್ತಾರೆ ಎಂದು ಹಲ್ಲು ಕಡಿಯುತ್ತಿದ್ದೆ.

ಚಳಿಗಾಲದಲ್ಲಿ ತಂಡವನ್ನು ದೇಶದ ಉತ್ತರಕ್ಕೆ, ಲುಲೆಯೊ ಊರಿನಿಂದಾಚೆಗೆ, ಹೆಪ್ಪುಗಟ್ಟಿದ ಒಂದು ಕೆರೆಗೆ ಕರೆದೊಯ್ದರು. ನಾನೂ ಮಾರ್ಗರೆಟಾಳೂ ಹೋದೆವು. ಅಲ್ಲಿ ಮಂಜುಗಡ್ಡೆಯಲ್ಲಿ ಒಂದು ಹೊಂಡ ಕೊರೆದಿರುತ್ತಾರೆ. ಒಬ್ಬೊಬ್ಬರೂ ಬಟ್ಟೆಬರೆ, ಬೆನ್ನಚೀಲದ ಸಮೇತ ಅದರೊಳಗೆ ಇಳಿಯಬೇಕು. ಸೊಂಟಕ್ಕೆ ಹಗ್ಗ, ಅದರ ತುದಿ ಮೇಲಿರುವ ಜೊತೆಗಾರರ ಕೈಯಲ್ಲಿ. ಬಿದ್ದ ತಕ್ಷಣ ಮೇಲೆ ಹತ್ತುವಂತಿಲ್ಲ. ಮೊದಲು ಉಸಿರು ಹಿಡಿತಕ್ಕೆ ತಂದುಕೊಂಡು, ಗಟ್ಟಿಯಾಗಿ ತನ್ನ ಹೆಸರು ಹೇಳಿ, ಮೇಲೆ ಬರಲು ಅಪ್ಪಣೆ ಕೇಳಬೇಕು. ಅಪ್ಪಣೆ ಸಿಕ್ಕ ಮೇಲೆ ಕೊರಳಲ್ಲಿ ನೇತಾಡುವ ಎರಡು ಚೂಪು ಮೊಳೆಗಳನ್ನು ಮಂಜಿಗೆ ಚುಚ್ಚಿಕೊಂಡು ಹತ್ತಬೇಕು. ಹೆಸರು ಹೇಳುವಷ್ಟು ಉಸಿರಿದ್ದವನಿಗೆ ಹತ್ತುವಷ್ಟು ಬುದ್ಧಿಯೂ ಇರುತ್ತದೆ ಎನ್ನುವುದು ಅದರ ಹಿಂದಿನ ತರ್ಕ. ಅರವಿಂದ, ಅಂಥ ಚಳಿಗೆ ಕ್ಯಾಮೆರಾದ ಬ್ಯಾಟರಿ ಬಹಳ ಬೇಗ ಸಾಯುತ್ತದೆ. ಇನ್ನೊಂದನ್ನು ಒಳಅಂಗಿಯ ಜೇಬಿನಲ್ಲಿ, ಮೈಗೆ ತಾಗಿ ಇಟ್ಟುಕೋ. ನಾನೂ ಇಟ್ಟುಕೊಂಡಿದ್ದೆ.

ಸಿಂಧುವಿನ ಸರದಿ ಮೊದಲು ಬಂತು. ಅವಳು ನೀರಿಗೆ ಬಿದ್ದಳು, ನಾನು ಬೆರಳು ಒತ್ತಿದೆ. ಒತ್ತಿದವನು ಬಿಡಲೇ ಇಲ್ಲ. ಎಲ್ಲೂ ಹಾಕುವಂತಿಲ್ಲ ಎಂದು ಗೊತ್ತು, ಆದರೂ ಅವಳ ಮುಖ ನನ್ನ ಚೌಕಟ್ಟಿನ ತುಂಬ ಇತ್ತು, ವರ್ಷದಲ್ಲಿ ಮೊದಲ ಸಲ. ಹಗ್ಗ ಹಿಡಿದು ಅಂಚಿನಲ್ಲಿ ಮಲಗಿದ್ದವಳು ಅದೇ ಹುಡುಗಿ. ಅವಳ ತಲೆ ಅಡ್ಡ ಬರುತ್ತಿತ್ತು, ನಾನು ಪಕ್ಕಕ್ಕೆ ಸರಿದು ಅವಳನ್ನು ಚೌಕಟ್ಟಿನಿಂದ ಆಚೆ ತಳ್ಳಿದೆ. ಎಂಥ ಸುಖ ಅದು! ಸಿಂಧು ಉಳಿದವರಿಗಿಂತ ಹೆಚ್ಚು ಹೊತ್ತು ನೀರಿನಲ್ಲಿದ್ದಳು. ನೋಡಿ, ನನ್ನ ಮಗಳಿಗೆ ಅವಸರವೇ ಇಲ್ಲ ಎಂದು ನನ್ನ ಎದೆ ಉಬ್ಬಿತು. ಮೊದಲ ಬ್ಯಾಟರಿ ಸತ್ತಿತು. ಎರಡನೆಯದನ್ನು ಹಾಕಿ, ಅವಳು ಹತ್ತುವುದನ್ನು, ಕಂಬಳಿ ಹೊದೆಯುವುದನ್ನು, ಗುಡಾರಕ್ಕೆ ನಡೆಯುವುದನ್ನು ತೆಗೆದೆ. ಅದೂ ಸತ್ತಿತು.

ಆಮೇಲೆ ಆ ಹುಡುಗಿ ನೀರಿಗೆ ಇಳಿದಳು. ನನ್ನ ಕೈಯಲ್ಲಿದ್ದದ್ದು ಬರೀ ಕಬ್ಬಿಣದ ತುಂಡು. ಮಾರ್ಗರೆಟಾಳ ಮೊಬೈಲೂ ಚಳಿಗೆ ಕಣ್ಣು ಮುಚ್ಚಿತ್ತು. ಹುಡುಗಿ ಹೆಸರು ಹೇಳಿದಳು, ಅಪ್ಪಣೆ ಕೇಳಿದಳು, ಹತ್ತಿದಳು, ತುಟಿ ನೀಲಿಗಟ್ಟಿತ್ತು. ಮಾರ್ಗರೆಟಾ ತರಬೇತಿಯ ಅಧಿಕಾರಿಯ ಬಳಿ ಹೋಗಿ ಏನೋ ಕೇಳಿದಳು. "ಒಬ್ಬರಿಗೆ ಒಂದೇ ಸಲ. ಯಾರಿಗಾದರೂ ಅಷ್ಟೇ" ಎಂದ ಅವನು. ಮಾರ್ಗರೆಟಾ ವಾಪಸು ಬಂದು ನನ್ನನ್ನು ನೋಡಿದಳು. ಅಲ್ಲಿ ಕಾಫಿ ಇರಲಿಲ್ಲ, ನನ್ನ ಪುಣ್ಯ.

ಫೋಟೊ ಇಲ್ಲದೆ ಬರೀ ಒಂದು ಸಾಲು ಸುದ್ದಿ ಹಾಕಿದೆವು, ಅವಳೂ ಎಲ್ಲರಂತೆ ನೀರಿಗೆ ಇಳಿದಳೆಂದು. ಅಷ್ಟೇ ಸಾಕಾಯಿತು. ಕಕ್ಕಸು ತೊಳೆದದ್ದಕ್ಕೂ ಫೋಟೊ ಇದೆ, ಇದಕ್ಕೇಕಿಲ್ಲ? ಬೆಚ್ಚಗೆ ಗುಡಾರದಲ್ಲಿ ಕೂತಿದ್ದಿರಬೇಕು. ಎಲ್ಲ ಪ್ರಚಾರ, ನಮ್ಮ ತೆರಿಗೆ ದುಡ್ಡು. ಜನ ಬಾಯಿಗೆ ಬಂದಂತೆ ಬರೆದರು. ನಾನು ಒಂದೊಂದನ್ನೂ ಓದಿದೆ. ಅವಳು ಮುಳುಗಿದ್ದನ್ನು ಕಣ್ಣಾರೆ ನೋಡಿದವನು ನಾನು, ಆದರೂ ಓದುತ್ತ ಓದುತ್ತ ಹೊಟ್ಟೆ ತಣ್ಣಗಾಯಿತು. ಸುಳ್ಳು ಹೇಳಿ ಏನು ಪ್ರಯೋಜನ, ಬಹಳ ಚೆನ್ನಾಗಿತ್ತು. ಅವಳ ಕಡೆಯಿಂದ ಒಂದು ಮಾತೂ ಬರಲಿಲ್ಲ. ಅವಳು ಅಳಲಿಲ್ಲ, ಆಡಲಿಲ್ಲ, ಮಾರನೆಯ ದಿನ ನನಗೆ ಎಂದಿನಂತೆ ನಮಸ್ಕಾರ ಹೇಳಿದಳು.

ಮುಂದಾಳಿನ ಆಯ್ಕೆಯಾದ ವಾರ ಸಿಂಧು ರಜಕ್ಕೆ ಮನೆಗೆ ಬಂದಳು. ಗಿರಿಜಾ ಬಿಸಿಬೇಳೆಬಾತ್ ಮಾಡಿದ್ದಳು. ನಾನು ತಟ್ಟೆ ಮುಟ್ಟುವ ಮೊದಲೇ ಕೇಳಿದೆ.

"ಯಾರಾದ್ರು?"

"ಅವಳು."

"ನೋಡ್ದೆಯೇನೇ!" ಎಂದು ಗಿರಿಜಾ ಕಡೆಗೆ ತಿರುಗಿದೆ. "ನಾನ್ ಹೇಳ್ಲಿಲ್ವಾ? ಮೊದ್ಲೇ ಫಿಕ್ಸ್ ಆಗಿತ್ತು. ಹೆಸರಿಗೆ ಎಲೆಕ್ಷನ್ನು. ನೀರಿಗಿಳಿದಿದ್ದನ್ನ ಜನ ನಂಬಲಿಲ್ವಲ್ಲ, ಈಗ ಈ ಪದವಿ ಕೊಟ್ಟು ಮುಖ ಉಳಿಸ್ತಾರೆ. ಪಬ್ಲಿಸಿಟಿ, ಶುದ್ಧ ಪಬ್ಲಿಸಿಟಿ! ನನ್ನ ಮಗಳ ಜಾಗ ಅದು."

"ಅಪ್ಪ, ಸ್ಟಾಪ್" ಎಂದಳು ಸಿಂಧು. "ನಾನೂ ಅವಳ ಹೆಸ್ರೇ ಹೇಳಿದ್ದು."

"ಏನು? ತಲೆ ಕೆಟ್ಟಿದೆಯಾ ನಿಂಗೆ?"

"ಅವತ್ತು ನೀರಲ್ಲಿ ನಂಗೆ ನನ್ ಹೆಸ್ರು ಹೇಳಕ್ಕೆ ಆಗ್ಲಿಲ್ಲ, ಗೊತ್ತಾ? ನಥಿಂಗ್. ಬಾಯೇ ತೆಗಿಯಕ್ಕಾಗ್ತಿರ್ಲಿಲ್ಲ. ಐ ವಾಸ್ ಸೋ ಸ್ಕೇರ್ಡ್."

ಅವಸರವೇ ಇಲ್ಲ ಎಂದು ನಾನು ಎದೆ ಉಬ್ಬಿಸಿಕೊಂಡು ನೋಡಿದ್ದು ಅದನ್ನು. ಇಡೀ ಚೌಕಟ್ಟಿನಲ್ಲಿ ಅವಳ ಮುಖವೊಂದೇ ಇತ್ತು, ಆ ಮುಖದಲ್ಲಿ ಏನಿತ್ತೆಂದು ನನಗೆ ಕಾಣಲಿಲ್ಲ.

"ಇನ್‌ಸ್ಟ್ರಕ್ಟರ್ ಎಳ್ಕೊಳ್ಳಿ ಅಂತ ಹೇಳೋದ್ರಲ್ಲಿದ್ರು. ಅವಳು ಬೇಡ ಅಂದ್ಲು. ಹೊಟ್ಟೆ ಮೇಲೆ ತೆವಳ್ಕೊಂಡು ನನ್ ಮುಖದ ಹತ್ರ ಬಂದು, ಮೆಲ್ಲಗೆ, 'ಸಿಂಧು, ನನ್ನನ್ನೇ ನೋಡು, ನನ್ ಜೊತೆ ಉಸಿರಾಡು' ಅಂದ್ಲು. ಆಮೇಲೆ ನಾನು ಹೇಳ್ದೆ. ನಾನಾಗೇ ಹತ್ತಿದೆ. ಎಳೆದು ಹಾಕಿದ್ರೆ ನಾನು ಅವತ್ತೇ ಬಿಟ್ಟು ಮನೆಗ್ ಬಂದಿರ್ತಿದ್ದೆ."

ಗಿರಿಜಾ ಸೌಟು ಕೆಳಗಿಟ್ಟು ಮಗಳ ಬೆನ್ನ ಮೇಲೆ ಕೈಯಿಟ್ಟಳು. ನನಗೆ ಮಾತ್ರ ಇನ್ನೂ ಬುದ್ಧಿ ಬರಲಿಲ್ಲ.

"ಆಯ್ತು, ಹಾಗಾದ್ರೆ ಅವಳದ್ದು ನಿಜಾನೇ ಅಂತೀಯಾ?" ಎಂದೆ.

ಸಿಂಧು ಚಮಚ ಕೆಳಗಿಟ್ಟಳು. "ವರ್ಷ ಪೂರ್ತಿ ಇದೊಂದೇ, ಅಪ್ಪ. ಅವಳು ನಿಜಾನಾ, ಅವಳು ನಾಟಕಾನಾ. ನಾನು ಯಾಕೆ ಹೋದೆ ಅಂತ ಒಂದ್ ಸಲಾನಾದ್ರೂ ಕೇಳಿದೀಯಾ?"

"ನೀನೇ ಅಲ್ವೇನೇ ಹೋಗ್ತೀನಿ ಅಂದಿದ್ದು?"

"ನೀನು ಆಗ್ಲೇ ಅತ್ತೆಗೆ ಫೋನ್ ಮಾಡ್ಬಿಟ್ಟಿದ್ದೆ. ಸಂಘದ ಗ್ರೂಪಲ್ಲಿ ಹಾಕ್ಬಿಟ್ಟಿದ್ದೆ. ಎಲ್ರೂ ಕಂಗ್ರಾಟ್ಸ್ ಅಂತಿದ್ರು. ಆಮೇಲೆ ಬೇಡ ಅಂತ ಹೆಂಗ್ ಹೇಳ್ಲಿ? ನೀನು ಹೇಳ್ಕೊಳ್ಳಕ್ಕೆ ಅಂತ ನಾನ್ ಹೋಗಿದ್ದು. ಪಬ್ಲಿಸಿಟಿ ಅಂದ್ರೆ ನಂದು ಪಬ್ಲಿಸಿಟಿ."

ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಜಗಳಕ್ಕೆ ನಿಲ್ಲಬಹುದಿತ್ತು. ಈಗಲೂ ಹಾಗೇ ಏನು, ಬಿಟ್ಟುಬಿಡುತ್ತೀಯಾ ಎಂದು ಕೇಳಿದೆ.

"ಇಲ್ಲ. ಈಗ ಬಿಡಲ್ಲ. ಆ ನೀರಿಂದ ಹತ್ತಿದ ಮೇಲಿಂದ ಅದು ನಂದು. ವರ್ಷ ಮುಗಿದ ಮೇಲೂ ಇರ್ತೀನಿ, ಸೈನ್ ಮಾಡಿ ಬಂದಿದೀನಿ." ಆಮೇಲೆ, "ಇದನ್ನ ಯಾವ ಗ್ರೂಪಲ್ಲೂ ಹಾಕ್ಬೇಡ, ಪ್ಲೀಸ್" ಎಂದಳು.

"ಇದೆಲ್ಲ ಬೇರೆ ಯಾರಿಗಾದ್ರೂ ಗೊತ್ತಾ?"

"ಅವಳಿಗೆ ಗೊತ್ತು. ಅವತ್ತೇ ಗುಡಾರದಲ್ಲಿ ಬಟ್ಟೆ ಬದಲಾಯಿಸ್ತಾ ಹೇಳ್ದೆ, ನಮ್ಮಪ್ಪ ಹೇಳ್ಕೊಳ್ಳಕ್ಕೆ ಅಂತ ಬಂದಿದೀನಿ ಅಂತ. ಅವಳು ಜೋರಾಗಿ ನಕ್ಕಳು. 'ನಂದೂ ಅದೇ ಕಥೆ' ಅಂದ್ಲು. ಇಬ್ರೂ ನಗ್ತಾ ನಗ್ತಾ ಅತ್ವಿ."

"ನನಗ್ಯಾಕೆ ಹೇಳ್ಲಿಲ್ಲ, ಪುಟ್ಟಿ?"

"ಅವಳು ಕೇಳಿದ್ಲು, ಅಪ್ಪ."

ಅರವಿಂದ, ನಿನ್ನನ್ನೂ ಜನ ಕೇಳುತ್ತಾರೆ, ಅವಳದ್ದು ಕರ್ತವ್ಯವೋ ಪ್ರಚಾರವೋ ಎಂದು. ನನಗೆ ಗೊತ್ತಿರುವುದು ಇಷ್ಟೇ: ನಾನು ತೆಗೆದ ಫೋಟೊಗಳೆಲ್ಲ ಪ್ರಚಾರಕ್ಕೇ, ಅವಳು ಮಾಡಿದ ಕೆಲಸ ನನ್ನ ಒಂದು ಫೋಟೊದಲ್ಲೂ ಇಲ್ಲ. ಅವಳಿಗೆ ಸಿಕ್ಕ ಹೆಸರಿಗೆ, ಅವಳ ಮುಖಕ್ಕೆ, ಅವಳ ಮುಂದಾಳು ಪದವಿಗೆ ನಾನು ಒಂದು ವರ್ಷ ಹೊಟ್ಟೆಕಿಚ್ಚು ಪಟ್ಟೆ, ಅದೆಲ್ಲ ಆ ಊಟದ ಮೇಜಿನಲ್ಲೇ ಮುಗಿಯಿತು. ಆದರೆ ನನ್ನ ಮಗಳು ಅಳುವ ಹೊತ್ತಿಗೆ ಅವಳ ಪಕ್ಕದಲ್ಲಿದ್ದು "ಯಾಕೆ ಬಂದೆ?" ಎಂದು ಕೇಳಿದವಳು ಅವಳು, ಕೆಲವೇ ಹೆಜ್ಜೆ ದೂರದಲ್ಲಿ ಸತ್ತ ಕ್ಯಾಮೆರಾ ಹಿಡಿದು ನಿಂತಿದ್ದವನು ನಾನು. ಆ ಒಂದು ಪ್ರಶ್ನೆಯ ಹೊಟ್ಟೆಕಿಚ್ಚು ಮಾತ್ರ ಇವತ್ತಿಗೂ ಆರಿಲ್ಲ.